ಸೇಂಟ್ ಮೇರಿಸ್ ದ್ವೀಪಗಳಿಗೆ ದೋಣಿ ಪ್ರಯಾಣ

ಸೇಂಟ್ ಮೇರಿಸ್ ದ್ವೀಪಗಳು ಕರ್ನಾಟಕದ ಉಡುಪಿ ಜಿಲ್ಲೆಯ ಮಲ್ಪೆ ಕಡಲತೀರದ ಎದುರು ಅರಬ್ಬೀ ಸಮುದ್ರದಲ್ಲಿರುವ ನಿರ್ಜನ ದ್ವೀಪಗಳ ಸಮೂಹ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಢ ದ್ವೀಪ ಮತ್ತು ದಕ್ಷಿಣ ದ್ವೀಪ ಎಂಬ ನಾಲ್ಕು ಇವುಗಳಲ್ಲಿ ಮುಖ್ಯವಾದವು. ತೆಂಗಿನ ದ್ವೀಪಕ್ಕೆ ತೋನ್ಸೆಪಾರ್ ಎಂಬ ಹೆಸರೂ ಇದೆ. ಮಲ್ಪೆಯಿಂದ ಹೊರಡುವ ಪ್ರವಾಸಿ ದೋಣಿಗಳು ಈ ದ್ವೀಪಕ್ಕೇ ಹೋಗುತ್ತವೆ.

ಹೆಸರಿನ ಹಿನ್ನೆಲೆ

1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ ಇಲ್ಲಿಗೆ ಬಂದು, ಮೇರಿ ಮಾತೆಯ ಹೆಸರಿನಲ್ಲಿ ಒಂದು ಕಲ್ಲಿನ ಸ್ತಂಭವನ್ನು ನೆಡಿಸಿದನೆಂದು ಹೇಳಲಾಗುತ್ತದೆ. ಅವನು ಕಲ್ಲಿಕೋಟೆಗೆ ಹೋಗುವ ಮೊದಲೇ ಇಲ್ಲಿ ಇಳಿದನೆಂಬ ಮಾತು ಪ್ರಚಲಿತವಾಗಿದೆ. ಆದರೆ ಆ ಯಾನದ ದಿನಚರಿಯ ಪ್ರಕಾರ ಸ್ತಂಭಸ್ಥಾಪನೆ ನಡೆದದ್ದು ಕಲ್ಲಿಕೋಟೆಯಿಂದ ಹಿಂದಿರುಗುವಾಗ.

ದೋಣಿ ಸಂಚಾರ

ಉಡುಪಿ ನಗರದಿಂದ ಮಲ್ಪೆಗೆ ಸುಮಾರು 6 ಕಿ.ಮೀ. ದೂರ. ಮಲ್ಪೆಯಿಂದ ದ್ವೀಪಕ್ಕೆ ಸಮುದ್ರಮಾರ್ಗವೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ದೋಣಿಯಲ್ಲಿ ಅರ್ಧ ಗಂಟೆಯ ಪ್ರಯಾಣ. ದ್ವೀಪದ ಸುತ್ತ ನೀರು ಆಳವಿಲ್ಲದ ಕಾರಣ, ಪ್ರಯಾಣಿಕರನ್ನು ಹಲವು ವೇಳೆ ಸಣ್ಣ ದೋಣಿಗೆ ಇಳಿಸಿ ದಡ ಸೇರಿಸಲಾಗುತ್ತದೆ.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಇರುವುದರಿಂದ ಜನಸಂದಣಿ ಹೆಚ್ಚು. ನೈಋತ್ಯ ಮಾರುತ ಸಮೀಪಿಸಿದಂತೆ ಕಡಲು ಒರಟಾಗುತ್ತದೆ. ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಚಾರ ಸ್ಥಗಿತಗೊಳ್ಳುತ್ತದೆ. ಮೇ ಕೊನೆಯ ವಾರದಲ್ಲಿ ಹೋಗುವವರು ಆಯಾ ದಿನದ ಹವಾಮಾನವನ್ನು ವಿಚಾರಿಸಿಯೇ ಹೊರಡುವುದು ಉಚಿತ.

ಶಿಲಾಸ್ತಂಭಗಳು

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಈ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಪಟ್ಟಿಯಲ್ಲಿದೆ. ಭೂಮಿಯ ಒಳಗಿನಿಂದ ಉಕ್ಕಿದ ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ. ಕೆರೆಯ ಕೆಸರು ಒಣಗಿ ಬಿರಿಯುವಂತೆ ಅದರ ಮೇಲ್ಮೈ ಬಹುಭುಜಾಕೃತಿಯಲ್ಲಿ ಬಿರುಕುಬಿಡುತ್ತದೆ. ತಂಪು ಒಳಕ್ಕೆ ಇಳಿದಂತೆ ಬಿರುಕುಗಳೂ ಆಳಕ್ಕೆ ಇಳಿಯುತ್ತವೆ. ಐದು, ಆರು, ಏಳು ಮುಖಗಳ ಕಂಬಗಳು ಹೀಗೆ ಉಂಟಾದವು.

ಈ ಶಿಲೆಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಗೆ ಇವುಗಳನ್ನು ಸಂಬಂಧಿಸಲಾಗಿದೆ. ಹಾಗಾಗಿ ಇವು ಸುಮಾರು 6.6 ಕೋಟಿ ವರ್ಷ ಹಿಂದಿನ ದಖ್ಖನ್ ಲಾವಾ ಪದರಗಳಿಗಿಂತ ಹಳೆಯವು. ದೊಡ್ಡಬಳ್ಳಾಪುರ, ಬಾಶೆಟ್ಟಿಹಳ್ಳಿಗಳನ್ನು ಒಳಗೊಂಡ ಬೆಂಗಳೂರು ಪ್ರಸ್ಥಭೂಮಿಯ ತಳದ ನೈಸ್ ಶಿಲೆಗಳು ಮಾತ್ರ 250 ಕೋಟಿ ವರ್ಷಗಳಿಗೂ ಹಿಂದಿನವು. ಬಯಲುಸೀಮೆಯಿಂದ ಹೊರಟು ಘಟ್ಟವಿಳಿದು ಇಲ್ಲಿಗೆ ಬರುವ ವಿದ್ಯಾರ್ಥಿ, ನಾಡಿನ ಬಹಳ ಹಳೆಯ ಶಿಲೆಗಳಿಂದ ಅವುಗಳಿಗಿಂತ ಎಷ್ಟೋ ಈಚಿನ ಶಿಲೆಗಳವರೆಗೆ ಪ್ರಯಾಣ ಮಾಡಿದಂತಾಗುತ್ತದೆ.

ತೀರದ ಜೀವಿಗಳು

ಇಲ್ಲಿ ಅಗಲವಾದ ಮರಳದಂಡೆಯಿಲ್ಲ. ತೀರದ ಬಹುಭಾಗವನ್ನು ಒಡೆದ ಕಪ್ಪೆಚಿಪ್ಪುಗಳು ಆವರಿಸಿವೆ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಬರುತ್ತದೆ. ಇಳಿತದ ವೇಳೆ ಬಂಡೆಗಳ ನಡುವಣ ಗುಂಡಿಗಳಲ್ಲಿ ಉಳಿಯುವ ನೀರಿನಲ್ಲಿ ಏಡಿ, ಶಂಖುಹುಳು, ಸಣ್ಣ ಮೀನು ಮತ್ತು ಕಡಲಪಾಚಿಗಳನ್ನು ಕಾಣಬಹುದು. ಗರುಡ, ಬೆಳ್ಳಕ್ಕಿ, ಉಲ್ಲಂಕಿ ಮತ್ತು ಕಳ್ಳಿಪೀರ ಇಲ್ಲಿ ಕಾಣುವ ಹಕ್ಕಿಗಳಲ್ಲಿ ಕೆಲವು. ಚಳಿಗಾಲದಲ್ಲಿ ವಲಸೆ ಬರುವ ಕಡಲಕ್ಕಿಗಳಲ್ಲಿ ಹೆಚ್ಚಿನವು ಬೇಸಿಗೆಯ ಹೊತ್ತಿಗೆ ಉತ್ತರಕ್ಕೆ ಮರಳಿರುತ್ತವೆ.

ಸುರಕ್ಷತೆ ಮತ್ತು ಸಂರಕ್ಷಣೆ

ಬಂಡೆಗಳ ಅಂಚಿನಲ್ಲಿ ನಿಂತು ಛಾಯಾಚಿತ್ರ ತೆಗೆಯುತ್ತಿದ್ದವರು ಅಲೆಗೆ ಸಿಲುಕಿ ಮೃತಪಟ್ಟ ಘಟನೆಗಳು ಇಲ್ಲಿ ನಡೆದಿವೆ. ಒದ್ದೆಯಾದ ಕಂಬಗಳ ಮೇಲೆ ಪಾಚಿ ಬೆಳೆದು ಕಾಲು ಜಾರುತ್ತದೆ. ಶಾಂತವಾಗಿ ಕಾಣುವ ಕಡಲಿನಲ್ಲೂ ದೊಡ್ಡ ಅಲೆ ಹಠಾತ್ತಾಗಿ ಏಳಬಹುದು. ದೋಣಿಯಲ್ಲಿ ಜೀವರಕ್ಷಕ ಅಂಗಿ ಧರಿಸುವುದು, ಕಾವಲು ಸಿಬ್ಬಂದಿ ನಿಷೇಧಿಸಿದ ಕಡೆ ಇಳಿಯದಿರುವುದು ಅಗತ್ಯ.

ದ್ವೀಪದಲ್ಲಿ ಬಿಟ್ಟ ಪ್ಲಾಸ್ಟಿಕ್ ಉಬ್ಬರದೊಡನೆ ನೇರವಾಗಿ ಕಡಲು ಸೇರುತ್ತದೆ. ಖಾಲಿ ಚಿಪ್ಪುಗಳನ್ನು ನೆನಪಿಗಾಗಿ ಒಯ್ಯುವುದೂ ನಿರಪಾಯವಲ್ಲ. ಸನ್ಯಾಸಿ ಏಡಿಗಳಿಗೆ ಅವೇ ಮನೆ, ತೀರವನ್ನು ಕಟ್ಟಿರುವ ವಸ್ತುವೂ ಅವೇ. ಕಂಬಗಳ ಮೇಲೆ ಹೆಸರು ಕೆತ್ತಿದರೆ ಆಗುವ ಹಾನಿಯನ್ನು ಸರಿಪಡಿಸುವ ಉಪಾಯವಿಲ್ಲ.