ಅಲ್ಪಾಯು ಅಣುಗಳ ಸಾಕ್ಷ್ಯ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಮಳೆಗಾಲದ ನೀರು ನಿಂತ ಗದ್ದೆಗಳ ಕೆಸರಿನಿಂದ ಮೀಥೇನ್ ಅನಿಲವು ಮೇಲೇಳುತ್ತದೆ. ವಾಯುಮಂಡಲದಲ್ಲಿ ಹೈಡ್ರಾಕ್ಸಿಲ್ ಎಂಬ ಕಣವು ಅದರಿಂದ ಒಂದು ಹೈಡ್ರೊಜನ್ ಪರಮಾಣುವನ್ನು ಕಸಿದುಕೊಂಡಾಗ ಉಳಿಯುವುದೇ ಮೀಥೈಲ್. ಜೊತೆಯಿಲ್ಲದ ಎಲೆಕ್ಟ್ರಾನನ್ನುಳ್ಳ ಇಂಥ ಕಣಗಳಿಗೆ ಮುಕ್ತ ರ್ಯಾಡಿಕಲ್ಲುಗಳೆಂದು ಹೆಸರು. ನೆಲಮಟ್ಟದ ಗಾಳಿಯಲ್ಲಿ ಮೀಥೈಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಕಳೆಯುವುದರೊಳಗೆ ಆಮ್ಲಜನಕವನ್ನು ಕೂಡಿಕೊಂಡು ಇಲ್ಲವಾಗುತ್ತದೆ. ಇಷ್ಟು ಅಲ್ಪಾಯುವಾದುದರ ಇರವನ್ನು ಅರಿಯುವುದೆಂತು? ಇದು ಮೂಲತಃ ಸಾಕ್ಷ್ಯದ ಪ್ರಶ್ನೆ. ಆದಕಾರಣ ಇತಿಹಾಸದ ಅಧ್ಯಾಪಕನಿಗೂ ಇದರಲ್ಲಿ ಆಸಕ್ತಿಯುಂಟು.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರು ನಮ್ಮ ಜಮಖಂಡಿಯಲ್ಲಿ ರೋಹಿತದರ್ಶಕದಿಂದ ವೀಕ್ಷಿಸಿ, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕೆಂಪು, ಕಿತ್ತಳೆ, ನೀಲಿ ರೇಖೆಗಳನ್ನು ಕಂಡರು. ಕಿತ್ತಳೆಯ ರೇಖೆಯು ಸೋಡಿಯಂ ಧಾತುವಿನದೆಂದು ಮೊದಲು ಬಗೆದವರುಂಟು. ಅದರ ಸ್ಥಾನ ತುಸು ಬೇರೆಯೆಂದು ಬಳಿಕ ತಿಳಿಯಿತು, ಅದು ಹೀಲಿಯಂ. ಭೂಮಿಯ ಮೇಲೆ ಆ ಧಾತುವನ್ನು 1895ರಲ್ಲಿ ರ್ಯಾಮ್ಸೆ ಅವರು ಗುರುತಿಸುವವರೆಗೆ ಸಂದೇಹ ಪೂರ್ತಿಯಾಗಿ ಕಳೆಯಲಿಲ್ಲ. ಬಣ್ಣವೊಂದನ್ನೇ ನಂಬಿದರೆ ಹೆಸರು ತಪ್ಪುವ ಸಂಭವವಿದೆ. ಎರಡನೆಯ ಸಾಕ್ಷಿ ಬೇಕು.

ಮೀಥೈಲಿನ ರೋಹಿತವನ್ನು 1956ರಲ್ಲಿ ಹರ್ಟ್ಸ್‌ಬರ್ಗ್ ಮತ್ತು ಶೂಸ್ಮಿತ್ ಅವರು ಅದು ಹೀರುವ ಬೆಳಕಿನಿಂದ ಪಡೆದರು. ಲೇಸರ್ ಬಂದ ಮೇಲೆ ಇನ್ನೊಂದು ಮಾರ್ಗ ತೆರೆಯಿತು. ಮೀಥೈಲಿನಿಂದ ಎಲೆಕ್ಟ್ರಾನೊಂದನ್ನು ಕೀಳಲು 9.84 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 333.5 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಒಂದು ಫೋಟಾನಿನಲ್ಲಿರುವುದು ಸುಮಾರು 3.72 ಮಾತ್ರ. ಎರಡನ್ನು ಒಮ್ಮೆಗೇ ಹೀರಿದರೆ ದೊರೆಯುವ 7.44 ಅದರ ಒಂದು ಉನ್ನತ ಎಲೆಕ್ಟ್ರಾನ್ ಸ್ಥಿತಿಗೆ ಸರಿಹೊಂದುತ್ತದೆ. ಆ ಮೆಟ್ಟಿಲಿನ ಮೇಲೆ ನಿಂತಾಗ ಮೂರನೆಯ ಫೋಟಾನು ಎಲೆಕ್ಟ್ರಾನನ್ನು ಹೊರದೂಡುತ್ತದೆ. ಹೀಗೆ ಹುಟ್ಟಿದ ಅಯಾನನ್ನು ದ್ರವ್ಯರಾಶಿಮಾಪಕವು ತೂಗಿ 15 ಎಂದು ತಿಳಿಸುತ್ತದೆ. ತರಂಗಾಂತರವನ್ನು ಸ್ವಲ್ಪಸ್ವಲ್ಪವಾಗಿ ಬದಲಿಸುತ್ತ ಅಯಾನುಗಳನ್ನೆಣಿಸಿ ನಕ್ಷೆ ಬರೆದರೆ ಅದೇ ರೋಹಿತ. 1983ರಲ್ಲಿ ಅಮೆರಿಕದ ಹಜನ್ಸ್ ಮತ್ತು ಅವರ ಸಂಗಡಿಗರು ಮೀಥೈಲಿನ ಇಂಥ ರೋಹಿತವನ್ನು ವಿವರಿಸಿದರು. ಉದ್ರಿಕ್ತ ಮೀಥೈಲು ಬೆಳಕನ್ನು ಸೂಸುವ ಮೊದಲೇ ಒಡೆಯುವುದರಿಂದ, ಹೊಳಪನ್ನು ನೋಡಿ ಹುಡುಕುವ ವಿಧಾನ ಇಲ್ಲಿ ಸಲ್ಲದು.

ಇಲ್ಲಿ ತರಂಗಾಂತರವೊಂದು ಸಾಕ್ಷಿ, ತೂಕ ಮತ್ತೊಂದು. ಆದರೂ ಎಚ್ಚರ ಬೇಕು: ದೊಡ್ಡ ಅಣುವೊಂದು ಲೇಸರಿನಿಂದಲೇ ಒಡೆದರೂ 15 ತೂಕದ ಅಯಾನು ಬರಬಹುದು. ಆದುದರಿಂದ ರ್ಯಾಡಿಕಲ್ಲನ್ನು ಹುಟ್ಟಿಸುವ ಕ್ರಿಯೆಯನ್ನು ನಿಲ್ಲಿಸಿ, ಸಂಕೇತವೂ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಹೈಡ್ರೊಜನ್ನಿಗೆ ಬದಲಾಗಿ ಡ್ಯುಟೀರಿಯಂ ಇರಿಸಿದರೆ ತೂಕ 18ಕ್ಕೆ ಏರಬೇಕು, ರೇಖೆಗಳು ಲೆಕ್ಕಕ್ಕೆ ತಕ್ಕಂತೆ ಸರಿಯಬೇಕು. ಶಾಸನದ ಕಾಲವನ್ನು ಲಿಪಿಯೊಂದರಿಂದಲೇ ನಿಶ್ಚಯಿಸದೆ, ಅದರೊಳಗಿನ ತಿಥಿವಾರಗಳನ್ನೂ ಅರಸನ ಹೆಸರನ್ನೂ ತಾಳೆ ನೋಡುವ ನಮ್ಮ ಕ್ರಮವೂ ಇದೇ ಅಲ್ಲವೆ?