ಮನೆಯ ವೈ-ಫೈ ಜಾಲದಲ್ಲಿ ಅಪರಿಚಿತ ಸಾಧನಗಳು: ಪತ್ತೆ ಮತ್ತು ಪರಿಹಾರ

ನಿಪ್ಪಾಣಿಯ ತಂಬಾಕು ವ್ಯಾಪಾರಿಗಳಾಗಲಿ, ಅಥಣಿಯ ಪಾದರಕ್ಷೆ ತಯಾರಕರಾಗಲಿ, ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಸಣ್ಣ ಉದ್ದಿಮೆದಾರರಾಗಲಿ, ಅನೇಕರು ಲೆಕ್ಕಪತ್ರ, ಜಿಎಸ್‌ಟಿ ಹಾಗೂ ಬ್ಯಾಂಕ್ ವ್ಯವಹಾರಗಳನ್ನು ಮನೆಯ ಇಂಟರ್ನೆಟ್ ಮೂಲಕವೇ ನಿರ್ವಹಿಸುತ್ತಾರೆ. ವೈ-ಫೈ ಅಲೆಗಳು ಗೋಡೆ ದಾಟಿ ಬೀದಿಗೂ ತಲುಪುತ್ತವೆ. ಪಾಸ್‌ವರ್ಡ್ ತಿಳಿದವನು ಬಾಗಿಲು ತಟ್ಟದೆಯೇ ಜಾಲವನ್ನು ಪ್ರವೇಶಿಸಬಲ್ಲನು.

ಇದರ ಅಪಾಯ ಕೇವಲ ವೇಗದ ಕುಸಿತವಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ಸಂಭವಿಸುವ ಮುನ್ನ ಮಾಧ್ಯಮಗಳಿಗೆ ಬಂದ ಇ-ಮೇಲ್‌ನ ಜಾಡು, ನವಿ ಮುಂಬೈಯ ಮನೆಯೊಂದರ ಸುರಕ್ಷತೆಯಿಲ್ಲದ ವೈ-ಫೈ ಸಂಪರ್ಕಕ್ಕೆ ತಲುಪಿತು. ಸಂದೇಶ ಕಳುಹಿಸಿದವರು ಬೇರೆಯವರು. ವಿಚಾರಣೆ ಎದುರಿಸಬೇಕಾದವರು ಸಂಪರ್ಕ ಪಡೆದವರು. 2009ರಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈ ಸುರಕ್ಷತೆ ಕುರಿತು ಸೇವಾ ಸಂಸ್ಥೆಗಳಿಗೆ ನಿರ್ದೇಶನಗಳನ್ನು ನೀಡಿತು.

ಪರಿಶೀಲನೆಯ ಕ್ರಮ

ಮೊದಲು ಮನೆಯ ಮೊಬೈಲ್, ಕಂಪ್ಯೂಟರ್, ಟಿವಿ, ಪ್ರಿಂಟರ್, ಸಿಸಿಟಿವಿ ಇವುಗಳ ಪಟ್ಟಿ ಬರೆದುಕೊಳ್ಳಬೇಕು. ನಂತರ ರೂಟರ್‌ನ ಕೆಳಭಾಗದ ಚೀಟಿಯಲ್ಲಿ ನಮೂದಿಸಿದ ವಿಳಾಸವನ್ನು (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಬ್ರೌಸರ್‌ನಲ್ಲಿ ತೆರೆದರೆ, ಜಾಲಕ್ಕೆ ಸೇರಿದ ಸಾಧನಗಳ ಪಟ್ಟಿ ದೊರೆಯುತ್ತದೆ. ಪ್ರತಿಯೊಂದರ ಮುಂದೆ 12 ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸವಿರುತ್ತದೆ. ಎರಡೂ ಪಟ್ಟಿಗಳನ್ನು ತಾಳೆ ನೋಡಬೇಕು.

ಅಪರಿಚಿತ ಹೆಸರು ಕಂಡ ಮಾತ್ರಕ್ಕೆ ನೆರೆಯವರನ್ನು ಸಂಶಯಿಸುವುದು ತರವಲ್ಲ. ಇತ್ತೀಚಿನ ಮೊಬೈಲ್‌ಗಳು ಗೌಪ್ಯತೆಗಾಗಿ ತಮ್ಮ ನಿಜವಾದ ಮ್ಯಾಕ್ ವಿಳಾಸದ ಬದಲು ಬೇರೊಂದನ್ನು ತೋರಿಸುತ್ತವೆ. ಆದ್ದರಿಂದ ಒಂದೊಂದೇ ಸಾಧನದ ವೈ-ಫೈ ಆರಿಸಿ, ಪಟ್ಟಿಯಲ್ಲಿ ಯಾವುದು ಮರೆಯಾಗುತ್ತದೆಂದು ಗಮನಿಸಬೇಕು. ಕೆಲವು ರೂಟರ್‌ಗಳಲ್ಲಿ ಹೆಸರು ಅಳಿಯಲು ಸ್ವಲ್ಪ ಸಮಯ ಹಿಡಿಯುತ್ತದೆ. ಎಲ್ಲವನ್ನೂ ಆರಿಸಿದ ಮೇಲೂ ಉಳಿಯುವ ಸಾಧನವೇ ಪರಕೀಯವೆಂದು ಭಾವಿಸಬಹುದು.

ಪರಿಹಾರ

ಒಂದು ಮ್ಯಾಕ್ ವಿಳಾಸವನ್ನು ತಡೆದರೆ ಸಾಲದು. ಅದನ್ನು ಬದಲಾಯಿಸಿ ಮತ್ತೆ ಪ್ರವೇಶಿಸಬಹುದು. ವೈ-ಫೈ ಪಾಸ್‌ವರ್ಡ್ ಬದಲಾಯಿಸಿದರೆ ಎಲ್ಲ ಸಾಧನಗಳೂ ಹೊರಬೀಳುತ್ತವೆ. ಹೊಸ ಪಾಸ್‌ವರ್ಡ್ ತಿಳಿದವರಷ್ಟೇ ಮರಳಬಲ್ಲರು. ರೂಟರ್‌ನ ಆಡಳಿತ ಪಾಸ್‌ವರ್ಡನ್ನೂ ಬದಲಾಯಿಸಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಸುರಕ್ಷತೆಯನ್ನು ಆಯ್ದು, ಡಬ್ಲ್ಯುಪಿಎಸ್ ಸೌಲಭ್ಯವನ್ನು ಆರಿಸಿಡುವುದು ಒಳಿತು. ಗಿರಾಕಿಗಳಿಗೂ ಅತಿಥಿಗಳಿಗೂ ಪ್ರತ್ಯೇಕ ಗೆಸ್ಟ್ ಜಾಲ ನೀಡಿದರೆ ಲೆಕ್ಕಪತ್ರದ ಕಂಪ್ಯೂಟರ್ ದೂರ ಉಳಿಯುತ್ತದೆ. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

ತಿಂಗಳ ಕೊನೆಗೆ ದಾಸ್ತಾನು ತಾಳೆ ನೋಡುವ ವ್ಯಾಪಾರಸ್ಥರು, ಅದೇ ದಿನ ಈ ಪಟ್ಟಿಯನ್ನೂ ತಾಳೆ ನೋಡಿದರೆ ಹತ್ತು ನಿಮಿಷಗಳ ಶ್ರಮದಲ್ಲಿ ದೊಡ್ಡ ತೊಂದರೆಯೊಂದು ತಪ್ಪುತ್ತದೆ.