ಟ್ರ್ಯಾಕ್ಟರಿನ ದೀಪ: ಹೆಚ್ಚು ಬೆಳಕಿಗಿಂತ ಸರಿಯಾದ ಬೆಳಕು ಮೇಲು

ದೀಪಾವಳಿ ಕಳೆದು ಚಳಿ ಬಲಿಯುತ್ತಿದ್ದಂತೆ ಬೀದರ್ ಜಿಲ್ಲೆಯ ರಸ್ತೆಗಳ ಮೇಲೆ ರಾತ್ರಿಯ ಓಡಾಟ ಹೆಚ್ಚುತ್ತದೆ. ಭಾಲ್ಕಿ ಸೀಮೆಯ ಕಬ್ಬು ಕಾರ್ಖಾನೆಯ ದಾರಿ ಹಿಡಿಯುತ್ತದೆ. ಔರಾದ್ ಕಡೆಯ ಸೋಯಾ ಮತ್ತು ತೊಗರಿಯ ರಾಶಿ ಮುಗಿದು ಚೀಲಗಳು ಬೀದರ್ ನಗರದ ಗಾಂಧಿ ಗಂಜಿಗೆ ಬರುತ್ತವೆ. ಹಗಲೆಲ್ಲ ಹೊಲದಲ್ಲಿ ದುಡಿದ ಟ್ರ್ಯಾಕ್ಟರು ಕತ್ತಲಾದ ಮೇಲೆ ಟ್ರಾಲಿ ಎಳೆಯುತ್ತದೆ. ಬೆಳೆಯ ಬಗ್ಗೆ ಬರೆಯುವ ನಾನು ಈ ಸಲ ದೀಪದ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ಬೆಳೆದ ಮಾಲು ಮಾರುಕಟ್ಟೆ ಮುಟ್ಟಬೇಕು, ಅದನ್ನು ಒಯ್ದವನು ಮನೆ ಮುಟ್ಟಬೇಕು.

ಕೆಲವು ವರ್ಷಗಳ ಹಿಂದೆ ಔರಾದ್ ತಾಲ್ಲೂಕಿನಲ್ಲಿ ತೊಗರಿಯ ಪ್ರಾತ್ಯಕ್ಷಿಕೆ ನೋಡಿಕೊಂಡು ರಾತ್ರಿ ಜೀಪಿನಲ್ಲಿ ಬೀದರಿಗೆ ಮರಳುತ್ತಿದ್ದೆ. ಎದುರಿನಿಂದ ಬಂದ ವಾಹನವೊಂದರ ಬೆಳಕು ಕಣ್ಣಿಗೆ ರಾಚಿತು. ಅದು ದಾಟಿ ಹೋದ ಮರುಕ್ಷಣ ನಮ್ಮ ಮುಂದೆ ಚೀಲ ತುಂಬಿದ ಟ್ರಾಲಿಯ ಹಿಂಬದಿ ಕಾಣಿಸಿತು. ಚಾಲಕ ಜೀಪನ್ನು ರಸ್ತೆಯ ಪಕ್ಕಕ್ಕೆ ಇಳಿಸದೆ ಹೋಗಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ. ಟ್ರಾಲಿಯ ಹಿಂದೆ ಒಂದು ದೀಪವೂ ಇರಲಿಲ್ಲ. ಆದರೆ ಅದನ್ನು ಎಳೆಯುತ್ತಿದ್ದ ಟ್ರ್ಯಾಕ್ಟರಿಗೆ ಹೊಸದಾಗಿ ದೊಡ್ಡ ಬಲ್ಬು ಹಾಕಿಸಿದ್ದರು, ಮೇಲೆ ಎರಡು ಹೆಚ್ಚಿನ ದೀಪಗಳೂ ಇದ್ದವು. ಕೇಳಿದಾಗ ಆ ತರುಣ ರೈತ ಹೇಳಿದ್ದು, "ಸಾಹೇಬ್ರ, ನಮಗ ಮುಂದಿನ ದಾರಿ ಕಂಡ್ರ ಸಾಕಲ್ರೀ, ಹಿಂದಿನವ ನೋಡ್ಕೊಂಡು ಬರ್ತಾನ."

ಹಿಂದಿನವನು ನೋಡಿಕೊಂಡು ಬರಬೇಕಾದರೆ ಅವನಿಗೆ ಏನಾದರೂ ಕಾಣಿಸಬೇಕು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮ್ಮ ಟ್ರಾಲಿಗಳಿಗೆ ಸರಿಯಾಗಿ ಒಪ್ಪುತ್ತದೆ. ಬಲ್ಬು ಬದಲಿಸುವ ಮೊದಲು ರೈತ ಬಾಂಧವರು ಮೂರು ವಿಷಯ ತಿಳಿಯಬೇಕು: ಬೆಳಕು ಏಕೆ ಮಂದವಾಗುತ್ತದೆ, ಅದು ಎಲ್ಲಿಗೆ ಬೀಳಬೇಕು, ಕಾಯಿದೆ ಏನನ್ನು ಒಪ್ಪುತ್ತದೆ.

ಬೆಳಕು ಮಂದವಾಗಲು ಕಾರಣ

"ಬಲ್ಬು ಸಣ್ಣದು, ಅದಕ್ಕೇ ಬೆಳಕಿಲ್ಲ" ಎಂಬುದು ಸಾಮಾನ್ಯ ದೂರು. ಬಹಳಷ್ಟು ಸಲ ದೋಷ ಬಲ್ಬಿನದಲ್ಲ, ಅದಕ್ಕೆ ತಲುಪುವ ವಿದ್ಯುತ್ತಿನದು. ಹೊಲದ ಧೂಳು, ಮಳೆಯ ತೇವ ಮತ್ತು ಗೊಬ್ಬರದ ಉಪ್ಪಿನಿಂದ ವೈರಿನ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಚಾಸಿಗೆ ಕೊಟ್ಟ ಅರ್ಥಿಂಗ್ ಸಡಿಲವಾಗುತ್ತದೆ. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೂ ಬಲ್ಬಿಗೆ 11 ಮಾತ್ರ ತಲುಪುತ್ತದೆ. ತಂತಿ ಕಾದು ಬೆಳಗುವ ಬಲ್ಬಿನ ಸ್ವಭಾವವೆಂದರೆ, ವೋಲ್ಟು ಸ್ವಲ್ಪ ತಗ್ಗಿದರೂ ಬೆಳಕು ಬಹಳ ತಗ್ಗುತ್ತದೆ. 12ರಿಂದ 11ಕ್ಕೆ ಇಳಿದರೆ ಸುಮಾರು ಕಾಲು ಭಾಗ ಬೆಳಕು ಹೋದಂತೆ. ನೀರಿನ ಪೈಪು ಕಟ್ಟಿಕೊಂಡಿರುವಾಗ ದೊಡ್ಡ ಪಂಪು ತಂದರೆ ಪ್ರಯೋಜನವಿಲ್ಲ. ಇದೂ ಹಾಗೆಯೇ.

ಆದುದರಿಂದ ಮೊದಲು ಬ್ಯಾಟರಿಯ ಟರ್ಮಿನಲ್, ಹೋಲ್ಡರ್ ಮತ್ತು ಅರ್ಥಿಂಗ್ ಬೋಲ್ಟನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿರಿ. ದೀಪ ಹೊತ್ತಿಸಿ ಬ್ಯಾಟರಿಯ ಮೇಲೆ ಒಮ್ಮೆ, ಬಲ್ಬಿನ ಹೋಲ್ಡರಿನಲ್ಲಿ ಒಮ್ಮೆ ಮೀಟರ್ ಹಿಡಿದು ನೋಡಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ವೈರು ಅಥವಾ ಸ್ವಿಚ್ಚನ್ನು ಸರಿಪಡಿಸಬೇಕು. ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ಒಳಗಿನ ಬೆಳ್ಳಿಬಣ್ಣದ ಬೋಗುಣಿ ತುಕ್ಕು ತಿಂದು ಕಪ್ಪಾಗಿದ್ದರೆ ಎಂಥ ಬಲ್ಬು ಹಾಕಿದರೂ ಬೆಳಕು ಬಾರದು. ಆಗ ಇಡೀ ದೀಪವನ್ನೇ ಬದಲಿಸುವುದು ಲೇಸು.

ಹೆಚ್ಚು ವ್ಯಾಟಿನ ಆಸೆ

ಈಗ ಅನೇಕ ವಾಹನಗಳಲ್ಲಿರುವ 12 ವೋಲ್ಟಿನ ಎಚ್-4 ಹ್ಯಾಲೋಜನ್ ಬಲ್ಬು 60/55 ವ್ಯಾಟಿನದು. ಚಾಲಕರು ಅಪ್ಪರ್ ಎನ್ನುವ ದೂರದ ಬೆಳಕಿಗೆ 60, ಡಿಪ್ಪರ್ ಎನ್ನುವ ಹತ್ತಿರದ ಬೆಳಕಿಗೆ 55. ಅದೇ ಹೋಲ್ಡರಿಗೆ ಕೂರುವ 100/90 ವ್ಯಾಟಿನ ಬಲ್ಬುಗಳೂ ಅಂಗಡಿಯಲ್ಲಿ ಸಿಗುತ್ತವೆ. ಕೂರುತ್ತದೆ ಎಂದ ಮಾತ್ರಕ್ಕೆ ಹೊಂದುತ್ತದೆ ಎಂದಲ್ಲ.

ಲೆಕ್ಕ ನೋಡಿರಿ. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, 100 ವ್ಯಾಟಿನದು 8.3 ಆಂಪಿಯರ್. ವೈರಿನಲ್ಲಿ ಹುಟ್ಟುವ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ ವೈರು ಸುಮಾರು ಎರಡೂ ಮುಕ್ಕಾಲು ಪಟ್ಟು ಹೆಚ್ಚು ಕಾಯುತ್ತದೆ. ಹೋಲ್ಡರ್ ಕರಗುತ್ತದೆ, ಸ್ವಿಚ್ಚು ಸುಡುತ್ತದೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ತಾಮ್ರದ ತಂತಿ ಸುತ್ತಿದರೆ ಬೆಂಕಿಗೆ ಆಮಂತ್ರಣ ಕೊಟ್ಟಂತೆ. ಒಣಗಿದ ಕಬ್ಬಿನ ರವದಿ ಅಥವಾ ಹೊಟ್ಟು ತುಂಬಿದ ಟ್ರಾಲಿ ಹಿಂದಿರುವಾಗ ಇದು ಸಣ್ಣ ಮಾತಲ್ಲ.

ಎಲ್‌ಇಡಿ ಬಲ್ಬಿನ ಕಥೆ ಬೇರೆ. ಅದು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುವುದು ನಿಜ. ಆದರೆ ಹಳೆಯ ದೀಪದ ಬೋಗುಣಿಯನ್ನು ಹ್ಯಾಲೋಜನ್ ತಂತಿ ಇರುವ ನಿಖರ ಸ್ಥಾನಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಬೆಳಕಿನ ಮೂಲ ಕೆಲವು ಮಿಲಿಮೀಟರ್ ಸರಿದರೂ ಕಿರಣಗಳು ಚದುರಿ ಎದುರಿನವರ ಕಣ್ಣಿಗೆ ಬೀಳುತ್ತವೆ. ಚಾಲಕನಿಗೆ ಹತ್ತಿರದ ನೆಲ ಬೆಳ್ಳಗೆ ಕಂಡು ದೀಪ ಚೆನ್ನಾಗಿದೆ ಎನಿಸುತ್ತದೆ, ದೂರದ ದಾರಿ ಮಾತ್ರ ಮೊದಲಿಗಿಂತ ಕತ್ತಲಾಗಬಹುದು. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಡನೆ ಬಂದ ವಾಹನಕ್ಕೆ ಈ ದೋಷವಿಲ್ಲ, ಏಕೆಂದರೆ ಅದರ ಬೋಗುಣಿಯನ್ನು ಅದಕ್ಕೆಂದೇ ಮಾಡಿರುತ್ತಾರೆ.

ದೀಪದ ಗುರಿ ಹೊಂದಿಸುವ ಕ್ರಮ

ಖರ್ಚಿಲ್ಲದೆ ಮನೆಯಲ್ಲಿಯೇ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದು. ಗೋದಾಮಿನ ಅಥವಾ ಶಾಲೆಯ ಸಪಾಟಾದ ಗೋಡೆ ಮತ್ತು ಅದರ ಮುಂದೆ ಸಮತಟ್ಟಾದ ನೆಲವಿದ್ದರೆ ಸಾಕು.

1. ಟೈರುಗಳಲ್ಲಿ ಸರಿಯಾದ ಗಾಳಿ ಇರಲಿ. ಸಾಮಾನ್ಯವಾಗಿ ಎಳೆಯುವಷ್ಟು ಹೇರು ತುಂಬಿದ ಟ್ರಾಲಿಯನ್ನು ಜೋಡಿಸಿರಿ.
2. ಟ್ರ್ಯಾಕ್ಟರನ್ನು ಗೋಡೆಯ ಹತ್ತಿರ ನಿಲ್ಲಿಸಿ, ಎರಡೂ ದೀಪಗಳ ನಡುಬಿಂದುವಿನ ಎತ್ತರವನ್ನು ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಗುರುತಿಸಿರಿ.
3. ನೇರವಾಗಿ 10 ಮೀಟರ್ ಹಿಂದಕ್ಕೆ ಸರಿಸಿ, ಕತ್ತಲಾದ ಮೇಲೆ ಡಿಪ್ಪರ್ ಹೊತ್ತಿಸಿರಿ.
4. ಬೆಳಕಿನ ಮೇಲಂಚು ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ದೀಪದ ಸ್ಕ್ರೂ ತಿರುಗಿಸಿರಿ.

ದೀಪ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 10 ಮೀಟರಿಗೆ 10 ಸೆಂಟಿಮೀಟರಿನಂತೆ ಇಳಿಯುವ ಬೆಳಕು 90 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಟ್ರ್ಯಾಕ್ಟರಿನ ವೇಗಕ್ಕೆ ಇದು ಧಾರಾಳ. ಹೇರು ಸಮೇತ ನೋಡಬೇಕೆಂದು ಹೇಳಿದ್ದಕ್ಕೂ ಕಾರಣವಿದೆ. ಟ್ರಾಲಿಯ ಭಾರ ಕೊಕ್ಕೆಯ ಮೇಲೆ ಬಿದ್ದಾಗ ಹಿಂದಿನ ಟೈರು ತಗ್ಗಿ ಮೂತಿ ಮೇಲಕ್ಕೇಳುತ್ತದೆ. ಮುಂದಿನ ಹಿಂದಿನ ಗಾಲಿಗಳ ನಡುವೆ 2 ಮೀಟರ್ ಅಂತರವಿದ್ದು ಹಿಂಭಾಗ ಕೇವಲ 2 ಸೆಂಟಿಮೀಟರ್ ತಗ್ಗಿದರೂ 10 ಮೀಟರ್ ದೂರದಲ್ಲಿ ಬೆಳಕು 10 ಸೆಂಟಿಮೀಟರ್ ಮೇಲೇರುತ್ತದೆ. ಅಂದರೆ ಬರಿದಾಗಿದ್ದಾಗ ಹೊಂದಿಸಿದ ಗುರಿ ಹೇರು ತುಂಬಿದಾಗ ಪೂರಾ ಕೆಡುತ್ತದೆ.

ಹಿಂದಿನ ಬೆಳಕು

ಈಗ ಮುಖ್ಯ ವಿಷಯಕ್ಕೆ ಬರೋಣ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಡ್ಡಿಯನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೆ 33 ಮೀಟರ್ ಹೋಯಿತು. ಒಳ್ಳೆಯ ರಸ್ತೆಯಲ್ಲಿ ನಿಲ್ಲಲು ಇನ್ನೂ 50 ಮೀಟರಿನಷ್ಟು ಬೇಕು. ಒಟ್ಟು 80 ಮೀಟರಿಗೂ ಮೇಲೆ. ಧೂಳು ಹಿಡಿದ ಕಂದು ಟ್ರಾಲಿಯಾಗಲಿ, ಕಬ್ಬಿನ ಸೋಗೆಯಾಗಲಿ ಡಿಪ್ಪರ್ ಬೆಳಕಿನಲ್ಲಿ ಅಷ್ಟು ದೂರದಿಂದ ಕಾಣುವುದಿಲ್ಲ. 155 ಮೀಟರಿನಿಂದ ಕಾಣುವ ಒಂದು ಕೆಂಪು ದೀಪವಿದ್ದರೆ ಅದೇ ಚಾಲಕನಿಗೆ 7 ಸೆಕೆಂಡು ಸಿಗುತ್ತದೆ. ಜೀವ ಉಳಿಯಲು ಅಷ್ಟು ಸಾಕು.

ಇದಕ್ಕೆ ತಗಲುವ ವಿದ್ಯುತ್ತು ಎಷ್ಟು? ಹಿಂದಿನ ಎರಡು ದೀಪಗಳಿಗೆ ತಲಾ 5 ವ್ಯಾಟಿನಂತೆ 10 ವ್ಯಾಟ್. ಮುಂದಿನ ಎರಡು ಬಲ್ಬುಗಳನ್ನು 60ರಿಂದ 100ಕ್ಕೆ ಏರಿಸಿದವನು ಅದರ ಎಂಟು ಪಟ್ಟು, ಅಂದರೆ 80 ವ್ಯಾಟ್ ಹೆಚ್ಚಿಗೆ ಸುಡುತ್ತಾನೆ.

ಕಬ್ಬಿನ ಟ್ರಾಲಿಯಲ್ಲಿ ಇನ್ನೊಂದು ತೊಡಕಿದೆ. ದೀಪವಿದ್ದರೂ ಹೊರಚಾಚಿದ ಜಲ್ಲೆಗಳು ಅದನ್ನು ಮುಚ್ಚುತ್ತವೆ. ಮೇಲೆ ಹೇಳಿದ ತರುಣನನ್ನು ಮರುವರ್ಷ ಕಂಡಾಗ ಆತ ಇದಕ್ಕೆ ಸರಳ ಉಪಾಯ ಮಾಡಿಕೊಂಡಿದ್ದ. ಟ್ರಾಲಿಯ ಅಗಲದ ಒಂದು ಹಲಗೆಗೆ ಎರಡೂ ತುದಿಯಲ್ಲಿ ಕೆಂಪು ದೀಪ ಮತ್ತು ಕೆಂಪು ರಿಫ್ಲೆಕ್ಟರ್, ನಡುವೆ ನಂಬರ್ ಪ್ಲೇಟು. ಹೇರಿನ ಕೊನೆಗೆ ಅದನ್ನು ಹಗ್ಗದಿಂದ ಬಿಗಿದು, ವೈರನ್ನು ಟ್ರ್ಯಾಕ್ಟರಿನ ಸಾಕೆಟ್ಟಿಗೆ ಚುಚ್ಚುತ್ತಿದ್ದ. ಬ್ರೇಕ್ ದೀಪ ಮತ್ತು ತಿರುವಿನ ದೀಪಗಳನ್ನೂ ಅದರ ಮೇಲೆಯೇ ಕೊಡಲು ನಾನು ಸೂಚಿಸಿದೆ. ಹಲಗೆ ಕಟ್ಟಿದ್ದೇವೆಂದು ಟ್ರಾಲಿಯ ಮೂಲ ದೀಪಗಳನ್ನು ಕಿತ್ತು ಹಾಕಬಾರದು.

ವೈರು ಹರಿಯಬಹುದು, ಬಲ್ಬು ಹೋಗಬಹುದು. ರಿಫ್ಲೆಕ್ಟರಿಗೆ ವಿದ್ಯುತ್ತೇ ಬೇಡ. ಹೊಳೆಯುವ ಪಟ್ಟಿಯನ್ನು ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಎಂಬ ಕ್ರಮದಲ್ಲಿ ಅಂಟಿಸಿ, ಪ್ರತಿ ಖೇಪಿಗೆ ಮೊದಲು ಕೆಸರು ಒರೆಸಿರಿ. ಎತ್ತಿನ ಬಂಡಿಯ ಹಿಂಬದಿಗೂ ಕೆಂಪು ಪಟ್ಟಿ ಅಂಟಿಸುವುದು ಒಳ್ಳೆಯದು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಕೃಷಿ ಎಂಜಿನಿಯರುಗಳು 1960ರ ದಶಕದ ಆರಂಭದಲ್ಲಿಯೇ ನಿಧಾನ ಚಲಿಸುವ ಕೃಷಿ ವಾಹನಗಳಿಗೆಂದು ಕಿತ್ತಳೆ ಬಣ್ಣದ, ಕೆಂಪು ಅಂಚಿನ ತ್ರಿಕೋನವನ್ನು ರೂಪಿಸಿದರು. ಟ್ರ್ಯಾಕ್ಟರಿಗೆ ಹಿಂದಿನಿಂದ ಬಂದು ಗುದ್ದುವ ಅಪಾಯ ಎಲ್ಲ ದೇಶಗಳಿಗೂ ಸಮಾನವೆಂಬುದು ಇದರಿಂದ ತಿಳಿಯುತ್ತದೆ.

ಕಾಯಿದೆ ಹೇಳುವುದೇನು?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ದೀಪಗಳ ವಿವರವಿದೆ. ರೈತರಿಗೆ ಬೇಕಾದ ಮುಖ್ಯಾಂಶಗಳು ಇಷ್ಟು:

- 105ನೆಯ ನಿಯಮ: ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ ಮತ್ತು ಬೆಳಕು ಸಾಲದ ಯಾವುದೇ ಹೊತ್ತಿನಲ್ಲಿ ದೀಪ ಹೊತ್ತಿರಬೇಕು. ಹಿಂದಿನ ಕೆಂಪು ದೀಪ 155 ಮೀಟರಿನಿಂದ ಕಾಣಬೇಕು. ಹಿಂದಿನ ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕು ಬಿದ್ದು 15 ಮೀಟರಿನಿಂದ ಓದುವಂತಿರಬೇಕು.
- 106ನೆಯ ನಿಯಮ: ದೀಪದಿಂದ 8 ಮೀಟರ್ ಮುಂದೆ, ಅದರ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ರಾಚಬಾರದು. ಈ ಪರೀಕ್ಷೆಯನ್ನು ನಿಮ್ಮ ಮಗನನ್ನೋ ಆಳನ್ನೋ ನಿಲ್ಲಿಸಿ ಅಂಗಳದಲ್ಲಿಯೇ ಮಾಡಬಹುದು.
- 104ನೆಯ ನಿಯಮ: ಟ್ರಾಲಿಯ ಹಿಂದೆ ಎರಡೂ ಬದಿಗೆ ಕೆಂಪು ರಿಫ್ಲೆಕ್ಟರ್ ಇರಬೇಕು.
- 108ನೆಯ ನಿಯಮ: ಮುಂದಕ್ಕೆ ಕೆಂಪು ದೀಪ ತೋರಿಸಬಾರದು. ಹಿಮ್ಮುಖ ಚಾಲನೆ, ನಂಬರ್ ಪ್ಲೇಟು ಮೊದಲಾದ ಕೆಲವನ್ನು ಬಿಟ್ಟರೆ ಹಿಂದಕ್ಕೆ ಬಿಳಿ ದೀಪ ಕೂಡದು. ನೇಗಿಲು ನೋಡಲು ಹಾಕಿದ ಹಿಂದಿನ ಬಿಳಿ ದೀಪ ಹೊಲಕ್ಕೆ ಮಾತ್ರ. ರಸ್ತೆ ಹತ್ತುವ ಮೊದಲು ಆರಿಸಬೇಕು.
- 111ನೆಯ ನಿಯಮ: ನೋಂದಣಿ ಅಧಿಕಾರಿಯ ಮುಂಗಡ ಒಪ್ಪಿಗೆ ಇಲ್ಲದೆ ವಾಹನದ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಇಡುವಂತಿಲ್ಲ.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಕಲಮಿನಂತೆ, ಒಪ್ಪಿಗೆಯಿಲ್ಲದ ಬಿಡಿಭಾಗ ಜೋಡಿಸಿ ವಾಹನ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಇಲ್ಲವೆ ಎರಡೂ ಆಗಬಹುದು. ಅದೇ ವ್ಯಾಟಿನ, ಅದೇ ಮಾದರಿಯ ಬಲ್ಬು ಹಾಕುವುದು, ವೈರು ಸರಿಪಡಿಸುವುದು, ಗುರಿ ಹೊಂದಿಸುವುದು ದುರಸ್ತಿಯೇ ಹೊರತು ಬದಲಾವಣೆಯಲ್ಲ. ಸಂಶಯವಿದ್ದರೆ ಹಣ ಖರ್ಚು ಮಾಡುವ ಮೊದಲೇ ಬೀದರ್ ಅಥವಾ ಭಾಲ್ಕಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ.

ದಾರಿಯಲ್ಲಿ ಕೆಟ್ಟು ನಿಂತರೆ

ಟ್ರಾಲಿಯನ್ನು ಆದಷ್ಟು ರಸ್ತೆಯ ಕೆಳಗೆ ಇಳಿಸಿ, ಹಿಂದಿನ ದೀಪ ಹೊತ್ತಿಸಿಯೇ ಇಡಿರಿ. ಹೊಳೆಯುವ ತ್ರಿಕೋನವನ್ನು ಸಾಕಷ್ಟು ಹಿಂದೆ ನಿಲ್ಲಿಸಿರಿ. ಕಲ್ಲು ಮತ್ತು ಟೊಂಗೆ ಇಡುವ ರೂಢಿ ನಮ್ಮಲ್ಲಿದೆ. ಆದರೆ ಅವು ಕತ್ತಲಲ್ಲಿ ಕಾಣುವುದಿಲ್ಲ. ಟ್ರಾಲಿ ಹೋದ ಮೇಲೂ ಅಲ್ಲಿಯೇ ಉಳಿದ ಕಲ್ಲು ಸೈಕಲ್ಲು ಮೋಟಾರ್ ಸೈಕಲ್ಲಿನವರನ್ನು ಕೆಡವುತ್ತದೆ. ಇಟ್ಟಿದ್ದರೆ ತೆಗೆದೇ ಹೊರಡಿರಿ.

ರೈತ ಬಾಂಧವರೇ, ಈ ಸುಗ್ಗಿಯಲ್ಲಿ ಟ್ರ್ಯಾಕ್ಟರು ರಸ್ತೆಗಿಳಿಯುವ ಮೊದಲು ಒಂದು ಸಂಜೆಯನ್ನು ಈ ಕೆಲಸಕ್ಕೆ ಮೀಸಲಿಡಿರಿ. ಮುಂದಿನ ದೀಪವನ್ನು ಗೋಡೆಯ ಮುಂದೆ ನೋಡಿರಿ. ಬಳಿಕ ಟ್ರಾಲಿಯ ಹಿಂದೆ ನೂರೈವತ್ತು ಹೆಜ್ಜೆ ನಡೆದು ಹೋಗಿ ತಿರುಗಿ ನೋಡಿರಿ. ಅಲ್ಲಿಂದ ನಿಮಗೇ ನಿಮ್ಮ ಟ್ರಾಲಿ ಕಾಣದಿದ್ದರೆ, ವೇಗವಾಗಿ ಬರುವ ಅಪರಿಚಿತನಿಗೆ ಕಾಣುವುದಾದರೂ ಹೇಗೆ?